ಎರಡು ಬೆರಳು

ಮೊದಲು ಗೋಡೆ ದಾಟಿದ್ದು ಗೆದ್ದಲು.
ಪಾಲುಪಟ್ಟಿಯನ್ನು ಅದು ಓದಿರಲಿಲ್ಲ.
ದೊಡ್ಡಪ್ಪನ ಕಡೆಯಿಂದ ಹೊರಟು, ತೊಲೆಯೊಳಗೇ ನಡೆದು
ನಮ್ಮ ಅಕ್ಕಿ ಡಬ್ಬಿಯ ಮೇಲೆ ಹುಡಿ ಉದುರಿಸಿತು.

ತೊಲೆ ಒಂದೇ. ಮಾಡೂ ಒಂದೇ.
ಗೋಡೆ ಎದ್ದದ್ದು ಅಟ್ಟದ ಮಟ್ಟದ ತನಕ ಮಾತ್ರ;
ಅಲ್ಲಿಂದ ಮೇಲೆ ಎರಡು ಒಲೆಯ ಹೊಗೆ
ನಲವತ್ತೊಂದು ವರ್ಷ ಕೂಡಿ ಬಾಳಿತ್ತು.

ಜಗಳ ಒಂದು ಮೂಟೆ ಕಾಳುಮೆಣಸಿನದು.
ತೂಕದಲ್ಲಿ ಮೂರು ಕಿಲೋ ಅತ್ತಿತ್ತ.
ಆ ವಾರವೇ ಅಪ್ಪ ನಾಪೋಕ್ಲಿನಿಂದ ಇಟ್ಟಿಗೆ ತಂದರು,
ದೊಡ್ಡಪ್ಪ ಮರಳು ತಂದರು.
ಗೋಡೆಯ ಖರ್ಚನ್ನು ಮಾತ್ರ
ಪೈಸೆ ತಪ್ಪದೆ ಸಮ ಹಂಚಿಕೊಂಡರಂತೆ.
ಈಗ ಕಾರಣರಿಗೆ ಮೀದಿ ಇಡುವಾಗ
ಇಬ್ಬರಿಗೂ ಒಂದೇ ಎಲೆ.

ತೊಲೆಗೆ ಆಸರೆ ಕೊಡಲು ಗೋಡೆ ಅಡ್ಡ, ಎಂದ ಬಡಗಿ.
ಅಂದು ರಾತ್ರಿ ಬಿದ್ದಪ್ಪಣ್ಣ ಆಚೆಯಿಂದ ಫೋನು ಮಾಡಿದ.
ಫೋನಿಗಿಂತ ಮೊದಲೇ ಅವನ ದನಿ
ಅಟ್ಟದ ಮೇಲಿನಿಂದ ಇಳಿದು ಬಂತು:
"ತೆಗೆದೇಬಿಡುವ."

ಕಾಫಿ ಕೊಯ್ಲು ಮುಗಿದಿತ್ತು, ಹೂಮಳೆಗೆ ಇನ್ನೂ ದಿನವಿತ್ತು.
ಅಮ್ಮತ್ತಿಯಿಂದ ತಿಮ್ಮಯ್ಯ ಮಾವ ಬಂದರು,
ಬಸ್ಸು ಎತ್ತುವ ಎರಡು ಜಾಕು ಸಮೇತ.
ಸಿದ್ದಾಪುರದಿಂದ ಅಕ್ಕನ ಮಕ್ಕಳು.
ಕುಟ್ಟದಿಂದ ಅತ್ತೆ. ಕೆಲಸಕ್ಕಲ್ಲ, ಸಲಹೆಗೆ.

ಹೆಂಚು ಕೈಯಿಂದ ಕೈಗೆ ಇಳಿಯಿತು,
ಏಣಿಯಿಂದ ಅಂಗಳ, ಅಂಗಳದಿಂದ ಕಾಫಿ ಒಣಗಿಸುವ ಕಣ.
ಸಾಲಿನಲ್ಲಿ ನನ್ನ ಮುಂದೆ ಚೋಂದಮ್ಮ,
ದೊಡ್ಡಪ್ಪನ ಮಗಳು, ನನ್ನ ಓರಗೆಯವಳು.
"ಹಿಡಿ" ಎಂದಳು.
ಎಂಟನೇ ಕ್ಲಾಸಿನ ಆಚೆಗೆ ಅವಳು ನನಗಾಡಿದ ಮೊದಲ ಮಾತು.
ಆ ದಿನ ಅದನ್ನೇ
ಆರುನೂರ ಹನ್ನೆರಡು ಸಲ ಆಡಿದಳು.
ಲೆಕ್ಕ ಮಕ್ಕಳದು.

ಗೋಡೆ ಸುಲಭಕ್ಕೆ ಬೀಳಲಿಲ್ಲ.
ಸಿಟ್ಟಿನಲ್ಲಿ ಕಟ್ಟಿದ್ದು, ಗಾರೆ ಒಳ್ಳೆಯದಿತ್ತು.
ಎರಡು ದಿನ, ಮೂರು ಹಾರೆ, ಮಾವನ ಎಡಗೈಯ ಒಂದು ಉಗುರು.
ಒಳಗೆ ಏನೂ ಸಿಗಲಿಲ್ಲ.
ಒಂದು ಮೋಟು ಬೀಡಿ, ಮೇಸ್ತ್ರಿಯದಿರಬೇಕು.
ಮಕ್ಕಳಿಗೆ ತುಂಬ ಬೇಸರ.

ಆಮೇಲೆ ಕಂಡಿತು ನೆಲ.
ನಮ್ಮದು ಕೆಂಪು ಕಾವಿ, ಅವರದು ಕಪ್ಪು,
ನಡುವೆ ಒಂದು ಮೊಳ ಅಗಲ ಹಸಿಮಣ್ಣಿನ ಪಟ್ಟಿ.
ನನ್ನ ಗಂಡ ಬಗ್ಗಿ ರಸಮಟ್ಟ ಇಟ್ಟರು,
ಗುಳ್ಳೆ ಓಡಿ ಅಂಚಿಗೆ ಅಂಟಿತು.
ಅವರದು ಎರಡು ಬೆರಳು ಎತ್ತರ.

"ಎಲ್ಲ ಮುಚ್ಚಿ ಟೈಲ್ಸ್ ಹಾಕಿ" ಎಂದರು ಅತ್ತೆ.
"ಹಾಕಬಹುದು. ಯಾರದು ಏರಿಸುವುದು,
ಯಾರದು ಕೆತ್ತುವುದು?" ಎಂದ ಬಿದ್ದಪ್ಪಣ್ಣ, ಮೆಲ್ಲಗೆ.
ಯಾರೂ ಯಾರನ್ನೂ ನೋಡಲಿಲ್ಲ.
ಹಳೆಯ ತಕ್ಕಡಿ ನಡುಮನೆಗೆ ಬಂದು
ಒಂದು ಗಳಿಗೆ ತೂಗಿತು.

"ಇರಲಿ ಬಿಡಿ," ಎಂದಳು ಅಮ್ಮ,
"ಒಟ್ಟಿ ಆರುತ್ತಾ ಉಂಟು."

ಉಂಡೆವು. ಎರಡೂ ಅಡಿಗೆಮನೆಯ ಪಂದಿ ಕರಿ;
ಯಾರ ಕಾಚಂಪುಳಿ ಹೆಚ್ಚು ಕಪ್ಪು ಎಂಬ ವಾದ
ಸಂಜೆಯಾದರೂ ಮುಗಿಯಲಿಲ್ಲ.
ಮಣ್ಣಿನ ಪಟ್ಟಿಗೆ ಸಿಮೆಂಟು ಇಳಿಜಾರಾಗಿ ಸವರಿದರು.
ಒಣಗುವ ಮೊದಲೇ ನಾಯಿ ದಾಟಿತು.
ಅದು ಯಾವತ್ತೂ ಎರಡೂ ಕಡೆ ಉಂಡ ನಾಯಿ.

ಹೊಸ ತೊಲೆ ಕೂತು ಎಂಟು ತಿಂಗಳಾಯಿತು.
ಎಲ್ಲರೂ ಅಲ್ಲಿ ಒಮ್ಮೆಯಾದರೂ ಎಡವಿದ್ದೇವೆ.
ಬೊಳ್ಳವ್ವ ದೊಡ್ಡಮ್ಮ ಮಾತ್ರ ಇಲ್ಲ.
ಬೆಳಿಗ್ಗೆ ಹನ್ನೊಂದಕ್ಕೆ, ಸೆರಗಿನಡಿ ಮುಚ್ಚಿದ ಬಟ್ಟಲು,
ಅವರ ಹಿಂಬಾಗಿಲಿನಿಂದ ಇಳಿದು, ಬಾವಿ ಬಳಸಿ,
ನಿಂಬೆ ಗಿಡ ದಾಟಿ
ನಮ್ಮ ಅಡಿಗೆಮನೆಗೆ ಬರುತ್ತಾಳೆ.

"ಒಳಗಿಂದಲೇ ಬರಬಹುದಲ್ಲ ಅಜ್ಜಿ?"
ಕೇಳಿದ ನನ್ನ ಮಗ.
"ಅಲ್ಲಿ ಮೆಟ್ಟಿಲು ಉಂಟು ಕುಂಞಿ, ಕಾಲು ತಾಗುತ್ತದೆ."

ಹನ್ನೊಂದಕ್ಕೆ ಐದು ನಿಮಿಷವಿರುವಾಗ
ಅಮ್ಮ ಎದ್ದು
ಹಿತ್ತಿಲ ಬಾಗಿಲಿನ ಚಿಲಕ ಸರಿಸುತ್ತಾಳೆ.
ನಲವತ್ತೊಂದು ವರ್ಷದಲ್ಲಿ ಆ ಚಿಲಕ
ಸದ್ದು ಮಾಡಿದ್ದನ್ನು ನಾನು ಕೇಳಿಲ್ಲ.
ಅಷ್ಟು ಎಣ್ಣೆ ಹಾಕಿಟ್ಟಿದ್ದಳು.